ಅಕ್ಕನ ಎಮ್ಮೆಯ ಮೇಲೆ ನಾನು ಹೊರಿಸಿದ ಆರೋಪ

ನಮ್ಮ ಅಕ್ಕ ಇಂದ್ರಾಬಾಯಿಯ ಬಗ್ಗೆ ನಾಲ್ಕು ಮಾತು ಬರೆಯಬೇಕೆಂದು ಕೂತರೆ ಮೊದಲು ನನ್ನ ಹೊಟ್ಟೆ ಅಡ್ಡ ಬರುತ್ತದೆ. ಇದೇನು ಹೊಸದಲ್ಲ. ಅಕ್ಕನ ಬದುಕಿನಲ್ಲೂ ಅದು ಹೀಗೆಯೇ ಅಡ್ಡ ಬಂದಿದೆ. ಅವಳು ಊಟಕ್ಕೆ ಕೂತಾಗ ನಾನು ಎದ್ದಿದ್ದೇನೆ. ಅವಳು ಬನಶಂಕರಿಗೆ ಹೊರಟ ಬಸ್ಸು ನನಗಾಗಿ ಹೊಲದ ಬದುವಿನಲ್ಲಿ ನಿಂತಿದೆ. ಅವಳಿಗೆ ಜ್ವರ ಬಂದ ದಿನವೂ ಮನೆಗೆ ಬಂದವರು ನನ್ನ ಹೊಟ್ಟೆಯನ್ನೇ ವಿಚಾರಿಸಿ, ಚಹಾ ಕುಡಿದು ಹೋಗಿದ್ದಾರೆ. ಆದ್ದರಿಂದ ಹೊಟ್ಟೆಯ ವಿಷಯವನ್ನು ಮೊದಲು ಮುಗಿಸಿಬಿಡುತ್ತೇನೆ.

ನಾನು ಶಿವಪ್ರಕಾಶ, ವಕೀಲ. ಮನೆ ಇಳಕಲ್ಲಿನಲ್ಲಿ, ಕೋರ್ಟು ಹುನಗುಂದದಲ್ಲಿ. ದಿನಾ ಬಸ್ಸಿನ ಓಡಾಟ. ಆರೋಗ್ಯವಂತರು ಆ ದಾರಿಯಲ್ಲಿ ಜೋಳದ ಹೊಲ, ಗ್ರಾನೈಟ್ ಕಾರ್ಖಾನೆ, ಮೋಡ ಇತ್ಯಾದಿ ನೋಡುತ್ತಾರೆ. ನಾನು ಪಾಯಿಖಾನೆಗಳನ್ನು ನೋಡುತ್ತೇನೆ. ಯಾವ ಪೆಟ್ರೋಲ್ ಬಂಕಿನದಕ್ಕೆ ಚಿಲಕವಿಲ್ಲ, ಯಾವ ಧಾಬಾದವನು ನೀರು ಕೊಡಲು ಮುಖ ಸಿಂಡರಿಸುತ್ತಾನೆ ಎಂಬುದೆಲ್ಲ ನನಗೆ ಕಾಯ್ದೆಯ ಕಲಮುಗಳಿಗಿಂತ ಚೆನ್ನಾಗಿ ಬಾಯಿಪಾಠ. ಕೋರ್ಟಿನಲ್ಲಿ ಬೇರೆ ವಕೀಲರು ಪಾಸ್ ಓವರ್, ಅಂದರೆ ಕೇಸನ್ನು ಸ್ವಲ್ಪ ಹೊತ್ತು ಬಿಟ್ಟು ಕರೆಯಿರಿ ಎಂದು, ಕೇಳಿದರೆ ಅವರ ಸಾಕ್ಷಿ ಬಂದಿಲ್ಲ ಎಂದರ್ಥ. ನಾನು ಕೇಳಿದರೆ ಜಡ್ಜ್ ಸಾಹೇಬರು ಕಾರಣ ಕೇಳದೆ ಮುಂದಿನ ಕೇಸು ಕರೆಯುತ್ತಾರೆ.

ಬಾಗಲಕೋಟೆಯ ಡಾಕ್ಟರು ಒಳಗೆ ಕ್ಯಾಮೆರಾ ಇಳಿಸಿ ನೋಡಿ, ಇದಕ್ಕೆ ಕ್ರೋನ್ಸ್ ಕಾಯಿಲೆ ಅನ್ನುತ್ತಾರೆ ಎಂದರು. ಕರುಳು ಆಗಾಗ ಬಾತುಕೊಂಡು ಹುಣ್ಣಾಗುತ್ತದೆ, ಗುಳಿಗೆ ತಪ್ಪಿಸಬಾರದು, ಖಾರ ಬೇಡ, ಹಾಲು ಮಜ್ಜಿಗೆ ಹಿಡಿಸದಿದ್ದರೆ ಅದೂ ಬೇಡ. ಯಾಕೆ ಬಂತು ಎಂದು ಕೇಳಿದೆ. ಖಚಿತ ಕಾರಣ ಗೊತ್ತಿಲ್ಲ ಎಂದರು. ಪೊಲೀಸರು ಪತ್ತೆಯಾಗದ ಕಳ್ಳತನಕ್ಕೆ ಸಿ ರಿಪೋರ್ಟು ಹಾಕಿ ಕೈತೊಳೆದುಕೊಂಡರೆ ನಾನು ಕೋರ್ಟಿನಲ್ಲಿ ಗದ್ದಲ ಎಬ್ಬಿಸುವವನು. ನನ್ನ ಕರುಳಿನ ಕೇಸಿಗೇ ಸಿ ರಿಪೋರ್ಟು ಬಿತ್ತು. ಅವತ್ತಿನಿಂದ ನಾನು ಆರೋಪಿಯನ್ನು ಹುಡುಕುತ್ತಲೇ ಇದ್ದೆ. ಒಮ್ಮೆ ಕೊಳವೆಬಾವಿಯ ನೀರು, ಒಮ್ಮೆ ಕ್ಯಾಂಟೀನಿನ ಮಿರ್ಚಿ ಭಜಿ, ಒಮ್ಮೆ ನನ್ನ ಹೆಂಡತಿ ಮಹೇಶ್ವರಿಯ ತವರುಮನೆ. ಕೊನೆಯದನ್ನು ಅವಳ ಮುಂದೆ ಹೇಳಿದ್ದು ಒಂದೇ ಸಲ.

ಇನ್ನು ಅಕ್ಕನ ವಿಷಯ.

ಅಕ್ಕನನ್ನು ಬಾದಾಮಿ ಹತ್ತಿರದ ಚೊಳಚಗುಡ್ಡಕ್ಕೆ ಕೊಟ್ಟಿದ್ದರು. ಅವಳ ಗಂಡ ಹಾವು ಕಚ್ಚಿ ತೀರಿಹೋದಾಗ ಅವಳಿಗಿನ್ನೂ ಮಕ್ಕಳಾಗಿರಲಿಲ್ಲ. ಅಪ್ಪ ಕರೆದುಕೊಂಡು ಬರಲು ಹೋದಾಗ ಅವಳು ಅತ್ತೆಯನ್ನು ಕೇಳಿದ್ದು ಒಂದೇ, ತಾನು ಸಾಕಿದ ಎಮ್ಮೆಯ ಕರು. ಸೀರೆಯ ಗಂಟು ಒಂದು ಕೈಯಲ್ಲಿ, ಕರುವಿನ ಹಗ್ಗ ಇನ್ನೊಂದು ಕೈಯಲ್ಲಿ ಹಿಡಿದು ಇಳಕಲ್ಲಿನ ಓಣಿಗೆ ಬಂದವಳು ನಮ್ಮ ಅಕ್ಕ. ಓಣಿಯವರು ಬಾಗಿಲಲ್ಲಿ ನಿಂತು ಅಯ್ಯೋ ಪಾಪ ಅನ್ನಲು ತಯಾರಾಗಿದ್ದರಂತೆ. ಅಷ್ಟರಲ್ಲಿ ಆ ಕರು ಹಗ್ಗ ಕಿತ್ತುಕೊಂಡು ಶಾರವ್ವನ ಅಂಗಳದಲ್ಲಿ ಒಣಹಾಕಿದ್ದ ಜೋಳಕ್ಕೆ ಬಾಯಿ ಹಾಕಿತು. ಅಯ್ಯೋ ಪಾಪ ಅನ್ನುವುದು ಬಿಟ್ಟು ಎಲ್ಲರೂ ಬೈಯಲು ಶುರು ಮಾಡಿದರು. ಅಕ್ಕ ಇವತ್ತಿಗೂ ಹೇಳುತ್ತಾಳೆ, ಆ ಬೈಗುಳ ಕೇಳಿಯೇ ತನಗೆ ಧೈರ್ಯ ಬಂತು ಅಂತ.

ಆ ಕರುವಿನ ಸಂತತಿಯೇ ಈಗಿನ ಬನವ್ವ. ಬನಶಂಕರಿಯ ಹೆಸರನ್ನು ಎಮ್ಮೆಗೆ ಇಡುವುದು ಸರಿಯೇ ಎಂದು ಯಾರೋ ಕೇಳಿದ್ದಕ್ಕೆ ಅಕ್ಕ, "ನಿಮ್ಮ ಮಗಳಿಗೆ ಇಟ್ಟಾಗ ನಾ ಏನರ ಅಂದ್ನೇನು" ಎಂದಿದ್ದಳು. ಬೆಣ್ಣೆ, ತುಪ್ಪ ಮಾರಿ ಅಕ್ಕ ತನ್ನ ಖರ್ಚು ತಾನು ನೋಡಿಕೊಳ್ಳುತ್ತಾಳೆ. ಮಜ್ಜಿಗೆ ಮಾತ್ರ ಮಾರುವುದಿಲ್ಲ. ಮಜ್ಜಿಗೆ ಮಾರುವ ಪದ್ಧತಿ ನಮ್ಮ ಕಡೆಯ ಹಳೆಯ ಮನೆಗಳಲ್ಲಿ ಇಲ್ಲ. ಎಮ್ಮೆ ಕಟ್ಟಿದ ಮನೆ ಮಜ್ಜಿಗೆ ಕೊಡಬೇಕು, ಕೇಳಿ ಬಂದ ತಂಬಿಗೆ ಖಾಲಿ ಹೋಗಬಾರದು.

ದಿನಾ ಮುಂಜಾನೆ ಕಡೆಗೋಲಿನ ಸಪ್ಪಳ ನಿಂತ ಮೇಲೆ ಓಣಿಯ ಹೆಂಗಸರು ತಂಬಿಗೆ ಹಿಡಿದು ನಮ್ಮ ಕಟ್ಟೆಗೆ ಬರುತ್ತಾರೆ. ಎದುರುಮನೆಯ ಶಾರವ್ವ ಮಗ್ಗದಿಂದ ಎದ್ದು ಬರುತ್ತಾಳೆ. ಮೂಲೆಮನೆಯ ಬೋರವ್ವ, ಅವಳ ಆಚೆಮನೆಯ ಯುನೂಸನ ತಾಯಿ, ಎಲ್ಲ ಬರುತ್ತಾರೆ. ಮಜ್ಜಿಗೆ ಹಾಕುವುದು ಚಣದ ಕೆಲಸ. ಕೂರುವುದು ಬಿಸಿಲು ಏರುವ ತನಕ. ಯಾರ ಸೊಸೆ ಬಸುರಿ, ಯಾವ ಸೀರೆಗೆ ಯಾವ ಸೆರಗು, ಯಾರ ಮನೆಯಲ್ಲಿ ಮಾತು ನಿಂತಿದೆ, ಎಲ್ಲ ಅಲ್ಲಿ ಇತ್ಯರ್ಥ. ನಾನು ಹುನಗುಂದಕ್ಕೆ ಹೋಗಿ ಕಪ್ಪು ಕೋಟು ಹಾಕಿಕೊಂಡು ವರ್ಷಗಟ್ಟಲೆ ಎಳೆಯುವಂಥ ಕೇಸುಗಳನ್ನು ಅಕ್ಕ ನಮ್ಮ ಕಟ್ಟೆಯ ಮೇಲೆ ಕೂತು ಒಂದು ಸೌಟಿನಲ್ಲಿ ಮುಗಿಸುತ್ತಿದ್ದಳು. ಗಂಡ ಇಲ್ಲ, ಮಕ್ಕಳಿಲ್ಲ, ತಮ್ಮನ ಮನೆಯಲ್ಲಿದ್ದಾಳೆ ಎಂದು ಅವಳನ್ನು ಯಾರೂ ಒಂದು ದಿನವೂ ಕೀಳಾಗಿ ನೋಡಿದ್ದಿಲ್ಲ. ಓಣಿಯಲ್ಲಿ ನಮ್ಮ ಮನೆಗೆ ವಕೀಲರ ಮನೆ ಎಂದು ಹೆಸರಿಲ್ಲ, ಇಂದ್ರಾಬಾಯಿ ಮನೆ ಎಂದೇ ಹೆಸರು. ನನಗೆ ಅದರ ಬಗ್ಗೆ ಸಣ್ಣ ಹೊಟ್ಟೆಕಿಚ್ಚು ಇತ್ತು ಎಂದರೆ ಸುಳ್ಳಲ್ಲ. ನನ್ನ ಹೊಟ್ಟೆಯಲ್ಲಿ ಏನೇನೋ ಇರುತ್ತದೆ.

ಹೋದ ವರ್ಷ ದೀಪಾವಳಿ ಮುಗಿದ ಮೇಲೆ ನಮ್ಮ ತಂಗಿಯ ಮಗಳು ಗೀತಾಂಜಲಿ ಬಂದಳು. ಬಾಗಲಕೋಟೆಯ ಕಾಲೇಜೊಂದರ ಪ್ರಯೋಗಾಲಯದಲ್ಲಿ ಸಂಶೋಧನೆ ಮಾಡುತ್ತಿದ್ದಾಳೆ. ಕೈಯಲ್ಲಿ ಐಸ್ ತುಂಬಿದ ಡಬ್ಬಿ, ಅದರೊಳಗೆ ಮುಚ್ಚಳದ ಸಣ್ಣ ಸಣ್ಣ ಡಬ್ಬಿಗಳು. ದನಕರುಗಳ ಕರುಳಿಗೆ ಬರುವ ಒಂದು ಬ್ಯಾಕ್ಟೀರಿಯಾ ಇದೆಯಂತೆ. ಅದು ಹೊಕ್ಕ ದನ ತಿಂದರೂ ಮೈಹತ್ತದೆ, ಭೇದಿಯಾಗಿ ಸೊರಗುತ್ತದಂತೆ. ಮನುಷ್ಯರಿಗೆ ಬರುವ ನನ್ನಂಥ ಕಾಯಿಲೆಗೂ ಅದಕ್ಕೂ ಸಂಬಂಧ ಇದೆಯೋ ಇಲ್ಲವೋ ಎಂದು ಜಗತ್ತಿನ ವಿಜ್ಞಾನಿಗಳು ಬಹಳ ವರ್ಷಗಳಿಂದ ಜಗಳವಾಡುತ್ತಿದ್ದಾರಂತೆ, ಇನ್ನೂ ತೀರ್ಮಾನ ಆಗಿಲ್ಲವಂತೆ. ಎಮ್ಮೆಯೂ ಇರುವ, ಕರುಳಿನ ರೋಗಿಯೂ ಇರುವ ಮನೆಗಳನ್ನು ಅವಳು ಹುಡುಕುತ್ತಿದ್ದಳು.

"ಮಾಮಾ, ನಿಮ್ಮ ಮನ್ಯಾಗ ಎರಡೂ ಅದಾವು" ಎಂದಳು.

ನನ್ನ ಮಲಕ್ಕೆ ಇಷ್ಟು ಮರ್ಯಾದೆ ಸಿಕ್ಕಿದ್ದು ಅದೇ ಮೊದಲು. ಅವಳು ಒಂದು ಡಬ್ಬಿ ಕೇಳಿದರೆ ನಾನು ಎರಡು ಕೊಡಲು ತಯಾರಾದೆ. ಬನವ್ವನೂ ಧಾರಾಳವಾಗಿಯೇ ಸಗಣಿ ಕೊಟ್ಟಳು. ಬ್ಯಾಕ್ಟೀರಿಯಾವನ್ನು ಹೇಗೆ ಹಿಡಿಯುತ್ತೀ ಎಂದು ಕೇಳಿದ್ದಕ್ಕೆ ಗೀತಾಂಜಲಿ, "ಅದನ್ನ ಬೆಳಸಬೇಕಂದ್ರ ಭಾಳ ತಿಂಗಳು ಬೇಕ್ರಿ. ಅದಕ್ಕ ಅದರ ವಂಶವಾಹಿ ಒಳಗಿನ ಒಂದು ತುಣುಕನ್ನ ಗುರುತು ಅಂತ ಇಟಗೊಂಡು ಹುಡಕತೇವಿ. ಕೊರೊನಾದಾಗ ಪಿಸಿಆರ್ ಮಾಡ್ತಿದ್ರಲ್ಲ, ಅದ ನಮೂನಿ ಮಷಿನ್" ಎಂದಳು.

ಆಮೇಲೆ ನಾನು ಅವಳ ಜೀವ ತಿಂದೆ. ಕೋರ್ಟಿಗೆ ಹೋಗುವಾಗ ಒಂದು ಫೋನು, ಬರುವಾಗ ಒಂದು ಫೋನು. ಸಂಶೋಧನೆ ಮಾಡುವವರು ಮಾದರಿ ಕೊಟ್ಟವರಿಗೆ ಅರ್ಧಂಬರ್ಧ ಫಲಿತಾಂಶ ಹೇಳುವಂತಿಲ್ಲ. ಅವಳು ಹೇಳಿದ್ದು ಸೋದರಮಾವನ ಕಾಟ ತಾಳಲಾರದೆ.

"ಮಾಮಾ, ಒಂದು ಗುರುತು ಸಿಕ್ಕೈತಿ. ನಿಮ್ಮದ್ರಾಗೂ ಐತಿ, ಬನವ್ವನ ಸಗಣ್ಯಾಗೂ ಐತಿ. ಆದ್ರ ಇದು ಪೂರಾ ಅಲ್ರಿ. ಇನ್ನೂ ಬ್ಯಾರೆ ಗುರುತು ನೋಡೋದೈತಿ. ಅಲ್ಲೀತನಕ ಯಾರ ಮುಂದೂ ಹೇಳಬ್ಯಾಡ್ರಿ."

ನಾನು ಕೇಳಿದ್ದು ಮೊದಲಿನ ಎರಡು ಮಾತು. ಉಳಿದದ್ದು ಕಿವಿಯ ಹತ್ತಿರ ಬಂದು ಹಾಗೇ ಹೋಯಿತು. ನನಗೆ ಎಷ್ಟು ಖುಷಿಯಾಯಿತೆಂದರೆ, ಹೇಳಲು ನಾಚಿಕೆ, ಕಣ್ಣಲ್ಲಿ ನೀರು ಬಂತು. ಇಷ್ಟು ವರ್ಷ ಕಾರಣವಿಲ್ಲದೆ ನರಳಿದವನಿಗೆ ಕಾರಣ ಸಿಕ್ಕಿದರೆ ಕಾಯಿಲೆ ಅರ್ಧ ವಾಸಿಯಾದಂತೆ ಅನಿಸುತ್ತದೆ. ಅದು ವಾಸಿಯಲ್ಲ, ಬರೀ ಸೊಕ್ಕು.

ಮರುದಿನ ಮುಂಜಾನೆ ಅಕ್ಕನ ಸಭೆ ತುಂಬಿತ್ತು. ನಾನು ಕೋರ್ಟಿನ ಡ್ರೆಸ್ಸಿನಲ್ಲೇ ಬಾಗಿಲಿಗೆ ಬಂದು ನಿಂತು, ನನ್ನ ಹೊಟ್ಟೆಯ ಕಳ್ಳ ಸಿಕ್ಕಿದ್ದಾನೆ ಎಂದು ಘೋಷಿಸಿದೆ. ಬ್ಯಾಕ್ಟೀರಿಯಾ, ಕರುಳು, ವಂಶವಾಹಿ ಎಲ್ಲ ವಿವರಿಸಿದೆ. ಯಾರಿಗೂ ಏನೂ ಅರ್ಥವಾಗಲಿಲ್ಲ. ಆಗ ನಾನು ಸುಮ್ಮನಾಗಿದ್ದರೂ ಮನೆ ಉಳಿಯುತ್ತಿತ್ತು. ಕೇಳುವವರಿಗೆ ತಿಳಿಯುವ ಭಾಷೆಯಲ್ಲಿ ಹೇಳಬೇಕೆಂಬ ವಕೀಲಿಕೆಯ ಚಟ ಬಿಡಲಿಲ್ಲ.

"ಸರಳ ಹೇಳತೇನಿ ಕೇಳ್ರಿ" ಎಂದೆ. "ನಮ್ಮ ಬನವ್ವ ಪಾಸಿಟಿವ್."

ಆ ಶಬ್ದ ಓಣಿಗೆ ಗೊತ್ತಿತ್ತು. ಕೊರೊನಾ ಕಾಲದಲ್ಲಿ ಆ ಶಬ್ದ ಕೇಳಿದ ಮನೆಗೆ ಪಟ್ಟಿ ಕಟ್ಟಿದ್ದರು. ಶಾರವ್ವ ಬಾಯಿಗೆ ಹಿಡಿದಿದ್ದ ಲೋಟವನ್ನು ಮೆಲ್ಲಗೆ ಕೆಳಗಿಟ್ಟಳು. ಅವಳ ಮೊಮ್ಮಗಳು ದಿನಾ ಈ ಮಜ್ಜಿಗೆಯಲ್ಲೇ ಅನ್ನ ಕಲಸಿಕೊಂಡು ತಿನ್ನುತ್ತಿದ್ದಳು. ಬೋರವ್ವನಿಗೆ ಮನೆಯಲ್ಲಿ ಒಲೆಯ ಮೇಲೆ ಏನೋ ಇಟ್ಟದ್ದು ನೆನಪಾಯಿತು. ಒಬ್ಬೊಬ್ಬರೇ ಎದ್ದರು. ಅಕ್ಕ ಕೈಯಲ್ಲಿ ಸೌಟು ಹಿಡಿದು ಕೂತೇ ಇದ್ದಳು. ನಾನು ಬಸ್ಸಿಗೆ ಹೊತ್ತಾಯಿತೆಂದು ಹೊರಟೆ.

ಅಂದಿನಿಂದ ಕಟ್ಟೆಗೆ ಯಾರೂ ಬರಲಿಲ್ಲ. ಅಕ್ಕ ಮಾತ್ರ ಎಂದಿನಂತೆ ಕಡೆದು, ಗಡಿಗೆಯನ್ನು ಕಟ್ಟೆಗೆ ತಂದಿಟ್ಟು, ಬಿಸಿಲು ಏರುವ ತನಕ ಕೂತಿರುತ್ತಿದ್ದಳು. ಆಮೇಲೆ ಎದ್ದು ಹೋಗಿ ಹಿತ್ತಿಲಲ್ಲಿ ಚೆಲ್ಲುತ್ತಿದ್ದಳು. ನಾನು ಅವಳ ಮುಂದೆ ವೈಜ್ಞಾನಿಕ ದೃಷ್ಟಿಯ ಬಗ್ಗೆ ಮಾತಾಡಿದೆ. ಮಹೇಶ್ವರಿ ಒಳಗಿನಿಂದ, "ಏನ್ರಿ, ನಿಮ್ಮ ಗುಳಿಗಿ ನುಂಗಿ ಸುಮ್ಮನ ಕುಂದರ್ರಿ" ಎಂದಳು.

ಒಂದು ಸಂಜೆ ಕೋರ್ಟಿನಿಂದ ಬಂದಾಗ ಅಕ್ಕ ಸೀರೆಗಳನ್ನು ಮಡಚಿ ಗಂಟು ಕಟ್ಟುತ್ತಿದ್ದಳು.

"ಶುಕ್ರವಾರ ಮುಂಜಾನೆ ಯುನೂಸ ಗಾಡಿ ತರ್ತಾನ" ಎಂದಳು. "ಬನವ್ವನ್ನ ಕರಕೊಂಡು ಚೊಳಚಗುಡ್ಡಕ್ಕ ಹೊಂಟೇನಿ. ಅಲ್ಲಿ ನಮ್ಮ ಮೈದುನಂದು ಹಳೇ ಕೊಟಗಿ ಖಾಲಿ ಐತಂತ."

ಯುನೂಸ ಸಣ್ಣ ಗೂಡ್ಸ್ ಗಾಡಿ ಓಡಿಸುತ್ತಾನೆ. ಎಲ್ಲ ಮಾತಾಡಿ ಆಗಿತ್ತು. ನಾನು ಎಮ್ಮೆಯನ್ನು ಮಾರಿಬಿಡೋಣ, ನೀನು ಯಾಕೆ ಹೋಗಬೇಕು ಎಂದೆ.

"ರೋಗದ ದನಾ ಅಂತ ಗೊತ್ತಿದ್ದು ಇನ್ನೊಬ್ಬರ ಮನಿಗೆ ಹೆಂಗ ಹೊಡೀಲಿ? ಕಟುಕರಿಗೆ ಕೊಡಾಕ ನನ್ನ ಕೈಲೆ ಆಗೂದಿಲ್ಲ. ಇಲ್ಲಿ ಇಟಗೊಂಡ್ರ ನಿನ್ನ ಹೊಟ್ಟಿಗೆ ಕೇಡು." ಅವಳು ಗಂಟಿನ ತುದಿ ಎಳೆದು ಬಿಗಿದಳು. "ಸಣ್ಣವ ಇದ್ದಾಗಿಂದ ನಿನಗ ಇದರ ವಂಶದ್ದ ಹಾಲು ಕುಡಿಸೇನಿ. ನೀ ಒಲ್ಲೆ ಅಂದ್ರೂ ಮೂಗು ಹಿಡದು ಕುಡಿಸೇನಿ. ನೀನ ಹೇಳಿದಿ, ಮಷಿನ್ನೂ ಹೇಳೇತಿ. ಇಷ್ಟ ವರ್ಷ ನಾನ ನಿನಗ ವಿಷಾ ಹಾಕಿದಂಗಾತಲ್ಲೋ ತಮ್ಮಾ."

ಅವಳು ಅಳಲಿಲ್ಲ. ನಾನು ಎಮ್ಮೆಯ ಮೇಲೆ ಕೇಸು ಹಾಕಿದ್ದೇನೆ ಎಂದುಕೊಂಡಿದ್ದೆ. ಶಿಕ್ಷೆ ಅಕ್ಕನಿಗೆ ಆಗಿತ್ತು. ಏನಾದರೂ ಹೇಳಬೇಕಿತ್ತು. ಬಾಯಿ ತೆರೆಯುವಷ್ಟರಲ್ಲಿ ಹೊಟ್ಟೆ ಗುಡುಗಿತು, ಹಿತ್ತಿಲಿಗೆ ಓಡಿದೆ. ನನ್ನ ಜೀವನದ ಮುಖ್ಯ ಮಾತುಗಳೆಲ್ಲ ಹೀಗೆ ಹಿತ್ತಿಲ ಪಾಲಾಗಿವೆ.

ಮರುದಿನ, ಬುಧವಾರ, ಹುನಗುಂದದಲ್ಲಿ ನನ್ನದೊಂದು ಹೋತದ ಕಳ್ಳತನದ ಕೇಸು ಇತ್ತು. ನಾನು ಆರೋಪಿಯ ಪರ. ಕಳ್ಳನನ್ನು ನೋಡಿದೆ ಎನ್ನುವ ಸಾಕ್ಷಿ ಒಬ್ಬ ಮುದುಕ. ಕಳ್ಳ ಓಡುವಾಗ ಅವನ ತಲೆಯ ಮೇಲೆ ಕೆಂಪು ಪಟಗ ಇತ್ತು, ಅದರಿಂದಲೇ ಗುರುತು ಹಿಡಿದೆ ಎಂದ. ನಾನು ಎದ್ದೆ.

"ಮುಖಾ ನೋಡಿದ್ರೇನು?"

"ಇಲ್ರಿ. ಬೆನ್ನು ಕಂಡಿತು. ಪಟಗಾ ಕಂಡಿತು."

"ಕೆಂಪು ಪಟಗಾ ಹುನಗುಂದ ಸಂತ್ಯಾಗ ಎಷ್ಟ ಮಂದಿ ಸುತ್ತತಾರ?"

"ಭಾಳ ಮಂದಿ ಸುತ್ತತಾರ್ರಿ."

"ನಿಮ್ಮ ತಲಿ ಮ್ಯಾಲೆ ಈಗ ಐತಲ್ಲ, ಅದು ಯಾವ ಬಣ್ಣದ್ದು?"

ಮುದುಕ ತಲೆ ಮುಟ್ಟಿ ನೋಡಿಕೊಂಡ. ಕೆಂಪು. ಕೋರ್ಟು ನಕ್ಕಿತು. ಇಂಥ ಒಂದೇ ಗುರುತಿನ ಮೇಲೆ ಒಬ್ಬನನ್ನು ಅಪರಾಧಿ ಎನ್ನುವುದು ನ್ಯಾಯವೇ ಎಂದು ನಾನು ಸಾಹೇಬರ ಕಡೆ ತಿರುಗಿ ಕೈ ಎತ್ತಿದೆ. ಆ ಭಂಗಿಯಲ್ಲಿ ನಾನು ಚೆನ್ನಾಗಿ ಕಾಣುತ್ತೇನೆ ಎಂದು ನನ್ನ ನಂಬಿಕೆ.

ಹೊರಗೆ ಚಹಾದಂಗಡಿಯಲ್ಲಿ ಖಾದರಬಾಷಾ ಕೂತಿದ್ದ. ಅವನೂ ವಕೀಲ, ಹೆಚ್ಚಿನ ಕೇಸುಗಳಲ್ಲಿ ನನ್ನ ಎದುರಾಳಿ, ಹಳೆಯ ದೋಸ್ತ. ಎಮ್ಮೆಯ ಕಥೆಯನ್ನು ನಾನೇ ಅವನಿಗೆ ಹೆಮ್ಮೆಯಿಂದ ಹೇಳಿದ್ದೆ. ಅವನು ಬಸಿಯಲ್ಲಿ ಚಹಾ ಹೊಯ್ದುಕೊಂಡು, "ಸವಾಲು ಭಾಳ ಚಂದ ಕೇಳಿದಿ" ಎಂದ. ಒಂದು ಗುಟುಕು ಕುಡಿದ. "ಒಂದ ಕೇಳತೇನಿ, ಸಿಟ್ಟಾಗಬ್ಯಾಡ. ನಿಮ್ಮಕ್ಕನ ಎಮ್ಮಿ ಪರ ವಕೀಲ ಯಾರಿದ್ರು?"

ನಾನು ಚಹಾದಲ್ಲಿ ಅದ್ದಿದ ಬಿಸ್ಕೀಟನ್ನು ನೋಡುತ್ತ ಕೂತೆ. ಅದು ಕರಗಿ ಬಿತ್ತು. ಕೋರ್ಟಿನೊಳಗೆ ಮುದುಕನ ಪಟಗ ಬಿಚ್ಚಿಸಿದವನು ಮನೆಯಲ್ಲಿ ಅದೇ ಮುದುಕನಾಗಿದ್ದೆ. ಆ ಮುದುಕನಾದರೂ ಬೆನ್ನು ಕಂಡಿದ್ದ, ನಾನು ಅದನ್ನೂ ಕಂಡಿರಲಿಲ್ಲ.

ಗುರುವಾರ ಕೋರ್ಟಿಗೆ ರಜೆ ಹೇಳಿ ಬಾಗಲಕೋಟೆಗೆ ಹೋದೆ. ಹೋದೆ ಎಂದು ಒಂದೇ ಮಾತಿನಲ್ಲಿ ಬರೆದಿದ್ದೇನೆ, ಆದರೆ ಹೋಗಿದ್ದು ತುಂಡು ತುಂಡಾಗಿ. ಒಂದು ಬಸ್ಸು ನನ್ನನ್ನು ಬಿಟ್ಟೇ ಮುಂದೆ ಹೋಯಿತು. ಗೀತಾಂಜಲಿ ಬಿಳಿ ಕೋಟು ಹಾಕಿಕೊಂಡು ಬಾಗಿಲಿಗೆ ಬಂದವಳು ನನ್ನ ಮುಖ ನೋಡಿ ಮೊದಲು ಪಾಯಿಖಾನೆ ತೋರಿಸಿದಳು, ಆಮೇಲೆ ಕುರ್ಚಿ. ನಾನು ಎಲ್ಲ ಹೇಳಿದೆ.

"ಹೇಳಬ್ಯಾಡ್ರಿ ಅಂದಿದ್ದೆ ಮಾಮಾ" ಎಂದಳು. "ಮೊದಲ ನಿಮಗ ಹೇಳಿದ್ದ ನನ್ನ ತಪ್ಪು. ನಾನೂ ನಾಳೆ ನಿಮಗ ಫೋನ್ ಮಾಡಾಕಿ ಇದ್ದೆ."

"ಏನ್ ಬಂತು?"

"ಮೊದಲನೇ ಗುರುತು ಐತಲ್ಲ, ಅದು ಆ ಬ್ಯಾಕ್ಟೀರಿಯಾದಾಗ ಒಂದ ಕಡೆ ಇರೂದಿಲ್ಲ, ಹತ್ತಾರು ಕಡೆ ಇರ್ತೈತಿ. ಅದಕ್ಕ ಹುಡುಕಾಕ ಸಸಾರ. ಬ್ಯಾಕ್ಟೀರಿಯಾ ಕಡಿಮಿ ಇದ್ರೂ ಸಿಗತೈತಿ. ಹಂಗಾಗಿ ಎಲ್ಲಾರೂ ಮೊದಲ ಅದನ್ನ ನೋಡ್ತಾರ. ಆದ್ರ ಅದರ ದಾಯಾದಿಗಳು ಮಣ್ಣಾಗ, ನೀರಾಗ ಭಾಳ ಅದಾವು. ಅದರಾಗ ಕೆಲವು ಇಂಥಾದ್ದ ತುಣುಕು ಇಟಗೊಂಡಿರ್ತಾವು. ಮಷಿನ್ ಅದನ್ನೂ ಹಿಡದು ತೋರಸತೈತಿ."

"ಕೆಂಪು ಪಟಗಾ" ಎಂದೆ.

ಅವಳಿಗೆ ಅರ್ಥವಾಗಲಿಲ್ಲ. ಮುಂದುವರಿಸಿದಳು. "ಅದಕ್ಕ ನಾವು ಇನ್ನೊಂದು ಗುರುತು ನೋಡತೇವಿ. ಅದು ಆ ಬ್ಯಾಕ್ಟೀರಿಯಾದಾಗ ಬಿಟ್ರ ಬ್ಯಾರೆ ಎಲ್ಲೂ ಇಲ್ಲ. ಅದು ನಿಮ್ಮದ್ರಾಗ ಇಲ್ಲ, ಬನವ್ವನದ್ರಾಗೂ ಇಲ್ಲ. ಮೂರನೇ ಗುರುತೂ ಒಂದು ನೋಡಿದ್ವಿ, ಅದೂ ಇಲ್ಲ."

"ಅಂದ್ರ ಸಂಶಯದ ಲಾಭ ಸಿಕ್ಕಂಗ."

"ಅದಕ್ಕಿಂತ ಹೆಚ್ಚು ಐತಿ ಮಾಮಾ. ಎರಡನೇ ಗುರುತು ಒಂದ ಕಡೆ ಇರ್ತೈತಿ, ಒಮ್ಮೊಮ್ಮೆ ತಪ್ಪಿಸಿಗೋತೈತಿ. ಅದಕ್ಕ ಬರೇ ಅದನ್ನ ನಂಬಿ ಬಿಡಲಿಲ್ಲ. ಸಿಕ್ಕಿತ್ತಲ್ಲ ಮೊದಲನೇ ತುಣುಕು, ಅದನ್ನ ಅಕ್ಷರಾ ಅಕ್ಷರಾ ಓದಿಸಿದ್ವಿ. ಆ ರೋಗದ ಬ್ಯಾಕ್ಟೀರಿಯಾದ್ದಕ್ಕ ಕೂಡೂದಿಲ್ಲ. ನೀರಾಗ ಇರೋ ದಾಯಾದಿದು ಅದು, ಅದರ ಪಾಡಿಗೆ ಅದು ಇರ್ತೈತಿ. ಎಮ್ಮಿ ಹಳ್ಳದಾಗ ಬೀಳತೈತಿ, ನೀವು ಅದ ಕಡೆ ನೀರು ಕುಡೀತೀರಿ. ಎಲ್ಲಿಂದ ಬಂತು ಅಂತ ನಾ ಹೇಳಾಂಗಿಲ್ಲ. ಬೆಳಸಾಕೂ ಇಟ್ಟೇನಿ, ಅದಕ್ಕ ತಿಂಗಳುಗಟ್ಟಲೆ ಬೇಕು. ಆದ್ರ ಬನವ್ವಗ ಆ ರೋಗ ಐತಿ ಅನ್ನಾಕ ಇವತ್ತ ನನ್ನ ಕಡೆ ಏನೂ ಇಲ್ಲ."

"ಮತ್ತ ನನ್ನ ಹೊಟ್ಟಿ?"

"ನಿಮ್ಮ ಹೊಟ್ಟೀದು ಗೊತ್ತಿಲ್ಲ ಮಾಮಾ. ಖರೇನ ಆ ಬ್ಯಾಕ್ಟೀರಿಯಾ ಸಿಕ್ಕಿದ್ರೂ, ಅದರಿಂದನ ನಿಮಗ ಬಂತು ಅಂತ ಹೇಳಾಕ ಬರ್ತಿದ್ದಿಲ್ಲ."

ಎಮ್ಮೆ ಬಿಡುಗಡೆಯಾಯಿತು ಎಂದು ಖುಷಿಪಡಬೇಕಿತ್ತು. ನನಗೆ ಮೊದಲು ಆದದ್ದು ದುಃಖ. ಸಿಕ್ಕಿದ್ದ ಒಬ್ಬ ಆರೋಪಿಯೂ ಕೈಬಿಟ್ಟು ಹೋದ. ಈ ದುಃಖ ಎಂಥ ಹಲಕಟ್ಟು ಎಂಬುದು ಬಸ್ಸು ಅಮೀನಗಡ ದಾಟಿದ ಮೇಲೆ ತಿಳಿಯಿತು.

ಮನೆಗೆ ಬಂದಾಗ ಅಕ್ಕ ಬನವ್ವನ ಮೈ ತಿಕ್ಕುತ್ತಿದ್ದಳು, ಊರಿಗೆ ಹೋಗುವವಳು ಚೊಕ್ಕ ಹೋಗಲಿ ಎಂದು. ನಾನು ಗೀತಾಂಜಲಿ ಹೇಳಿದ್ದನ್ನು ಒಂದೂ ಬಿಡದೆ ಹೇಳಿದೆ, ಈ ಸಲ ಎಲ್ಲ ಮಾತುಗಳನ್ನೂ. ಅಕ್ಕ ಕೈ ನಿಲ್ಲಿಸಿ ಕೇಳಿದಳು.

"ಒಳ್ಳೇದಾತು. ಬನವ್ವಂದು ತಪ್ಪಿಲ್ಲ" ಎಂದಳು. ಮತ್ತೆ ತಿಕ್ಕತೊಡಗಿದಳು. "ಗಾಡಿ ನಾಳೆ ಬರತೈತಿ."

"ಇನ್ನ್ಯಾಕ ಹೋಗ್ತಿ ಅಕ್ಕಾ?"

"ನಾ ನಂಬೇನಿ. ಓಣಿ ನಂಬತೈತೇನು? ಯಾರೂ ತಂಬಿಗಿ ಹಿಡಕೊಂಡು ಬರಲಾರದ ಮನ್ಯಾಗ ಕುಂತು ನಾ ಏನ ಮಾಡ್ಲಿ? ಮುಂಜಾನಿ ಕಡದು ಹಿತ್ತಲಾಗ ಚೆಲ್ಲಾಕ ನನಗ ಮನಸಾಗೂದಿಲ್ಲ."

"ನಾಳೆ ಒಂದ ದಿನಾ ಕಡಿ" ಎಂದೆ. "ಉಳಿದದ್ದು ನನಗ ಬಿಡು."

ಅವಳು ನನ್ನನ್ನು ನೋಡಿದ ರೀತಿಯಲ್ಲಿ ಭರವಸೆ ಏನೂ ಇರಲಿಲ್ಲ. ಆದರೂ ಶುಕ್ರವಾರ ಕಡೆದಳು.

ಯುನೂಸ ಗಾಡಿ ತಂದು ನಿಲ್ಲಿಸಿ, ಎಮ್ಮೆ ಏರಲು ಹಲಗೆ ಇಳಿಸಿದ್ದ. ನಾನು ಮಜ್ಜಿಗೆಯ ಗಡಿಗೆಯನ್ನು ಸೊಂಟಕ್ಕಿಟ್ಟುಕೊಂಡು, ಲೋಟ ಹಿಡಿದು, ಎದುರುಮನೆಗೆ ಹೊರಟೆ. ಗಂಡಸು ಗಡಿಗೆ ಹೊತ್ತುಕೊಂಡು ಮನೆಮನೆಗೆ ಹೋಗುವುದನ್ನು ಓಣಿ ಕಂಡಿರಲಿಲ್ಲ. ಅದೂ ವಕೀಲ. ಅರ್ಧ ಮಜ್ಜಿಗೆ ಅಂಗಿಯ ಮೇಲೆ ತುಳುಕಿತು. ಬಾಗಿಲುಗಳು ಒಂದೊಂದೇ ತೆರೆದವು.

ಶಾರವ್ವನ ಮುಂದೆ ನಿಂತು, ನಾನು ಹೇಳಿದ್ದು ತಪ್ಪು, ಹುಡುಗಿ ಬೇಡ ಎಂದರೂ ಅರ್ಧ ಕೇಳಿಕೊಂಡು ಹೇಳಿದೆ, ಮಷಿನ್ನು ತೋರಿಸಿದ್ದು ನೀರಿನಲ್ಲಿರುವ ಬೇರೆಯದನ್ನು, ಬನವ್ವನಿಗೆ ಆ ರೋಗದ ಗುರುತು ಸಿಕ್ಕಿಲ್ಲ ಎಂದೆ.

"ಅವತ್ತ ಪಾಸಿಟಿವ್ ಅಂದವ್ರೂ ನೀವ, ಇವತ್ತ ಅಲ್ಲ ಅನ್ನವ್ರೂ ನೀವ" ಎಂದಳು ಶಾರವ್ವ. "ಕೂಸಿಗೆ ಕೊಡೂದೈತ್ರಿ ವಕೀಲ್ರ. ಯಾವ ಶಿವಪ್ರಕಾಶನ್ನ ನಂಬಲಿ?"

ಸವಾಲು ಸರಿಯಾಗಿತ್ತು.

"ಕುಡೀರಿ ಹಂಗಾರ" ಎಂದಳು.

ಮಜ್ಜಿಗೆ ನನಗೆ ಆಗುವುದಿಲ್ಲ, ಅದು ಯಾವ ಎಮ್ಮೆಯದಾದರೂ. ಕುಡಿಯದಿದ್ದರೆ ಸುಳ್ಳುಗಾರ. ಕುಡಿದು ಇಲ್ಲಿಯೇ ಓಡಿದರೆ, ನೋಡ್ರಿ ವಿಷ ಎಂದು ಓಣಿಯೇ ಹೇಳುತ್ತದೆ. ಲೋಟ ತುಂಬಿ ಗಟಗಟ ಕುಡಿದೆ. ಅಕ್ಕ ಬಾಗಿಲಲ್ಲಿ ನಿಂತು, "ಏ, ಬ್ಯಾಡೋ" ಎಂದಳು. ಬೋರವ್ವನ ಬಾಗಿಲಿಗೆ ಹೋದೆ. ಅವಳೂ ಕುಡೀರಿ ಎಂದಳು, ಕುಡಿದೆ. ಹೊಟ್ಟೆ ಮಾತಾಡಲು ಶುರು ಮಾಡಿತು. ನಾನು ಹಲ್ಲು ಕಚ್ಚಿಕೊಂಡು, ಕಾಲು ಜೋಡಿಸಿಕೊಂಡು ಯುನೂಸನ ಮನೆಯ ತನಕ ನಡೆದೆ. ಅವನ ತಾಯಿ ಏನೂ ಕೇಳಲಿಲ್ಲ, ನಾನೇ ಕುಡಿದೆ. ಕುಡಿದು ಗಡಿಗೆಯನ್ನು ಅವಳ ಕೈಗೆ ಕೊಟ್ಟು, "ಅವ್ವಾ, ಹಿತ್ತಲಾ ಎಲ್ಲೈತಿ" ಎಂದು ಕೇಳಿ, ಉತ್ತರಕ್ಕೆ ಕಾಯದೆ ಓಡಿದೆ.

ಒಳಗೆ ಕೂತಿದ್ದಾಗ ಹೊರಗಿನ ನಗು ಕೇಳುತ್ತಿತ್ತು. ಕೇಸು ಕೈಬಿಟ್ಟಿತು ಎಂದು ತಲೆ ಹಿಡಿದುಕೊಂಡೆ. ಆಗ ಶಾರವ್ವನ ದನಿ ಕೇಳಿತು.

"ಅದೇನ ನೋಡ್ತೀರಿ? ಅಂವಾ ಬರೇ ನೀರ ಕುಡದ್ರೂ ಓಡ್ತಾನ. ಆಗೂದಿಲ್ಲಂತ ಗೊತ್ತಿದ್ದೂ ಮೂರು ಮನ್ಯಾಗ ಕುಡದಾನಲ್ಲ, ಅದನ್ನ ನೋಡ್ರಿ. ಇಂದ್ರಾ, ಇಕಾ, ನನ್ನ ತಂಬಿಗಿ ಹಿಡಿ."

ನಾನು ಹೊರಗೆ ಬರುವಷ್ಟರಲ್ಲಿ ಹೆಂಗಸರು ಗಡಿಗೆಯನ್ನು ತಂದಿಟ್ಟುಕೊಂಡು ನಮ್ಮ ಕಟ್ಟೆಯ ಮೇಲೆ ಕೂತಿದ್ದರು. ಎಲ್ಲರೂ ಬಂದಿರಲಿಲ್ಲ, ಕೆಲವರು ಇನ್ನೂ ಬಾಗಿಲಲ್ಲೇ ನಿಂತು ನೋಡುತ್ತಿದ್ದರು. ಯುನೂಸ ಹಲಗೆಯನ್ನು ಎತ್ತಿ ಗಾಡಿಯೊಳಗೆ ಹಾಕಿಕೊಂಡು, "ಬರಲೇನ ಇಂದ್ರವ್ವ" ಎಂದು ಕೇಳಿ ಹೋದ. ಅಕ್ಕ ತಂಬಿಗೆಗಳಿಗೆ ಸೌಟು ಹಾಕುತ್ತಿದ್ದಳು.

ಅವತ್ತು ಮಧ್ಯಾಹ್ನದ ತನಕ ನಾನು ಹೊಟ್ಟೆ ಹಿಡಿದುಕೊಂಡು ಪಡಸಾಲೆಯಲ್ಲಿ ಬಿದ್ದಿದ್ದೆ. ಕಟ್ಟೆ ಖಾಲಿಯಾದ ಮೇಲೆ ಅಕ್ಕ ಬಂದು ಪಕ್ಕದಲ್ಲಿ ಕೂತು, ನನ್ನ ಹೊಟ್ಟೆಯ ಮೇಲೆ ಬೆಚ್ಚಗಿನ ಬಟ್ಟೆ ಇಟ್ಟಳು.

"ಖರೇ ಹೇಳು ತಮ್ಮಾ" ಎಂದಳು. "ನಾ ನಿನಗ ವಿಷಾ ಹಾಕಿಲ್ಲಲ್ಲಾ?"

"ಇಲ್ಲಕ್ಕಾ."

"ಮತ್ತ ಯಾರು ಹಾಕಿದ್ರು?"

ಯಾರ ಹೆಸರನ್ನಾದರೂ ಹೇಳುವುದು ನನ್ನ ವೃತ್ತಿ. ಬಾಯಿಗೆ ಹತ್ತು ಹೆಸರು ಬಂದವು.

"ಗೊತ್ತಿಲ್ಲಕ್ಕಾ" ಎಂದೆ.

ಅವಳು ನನ್ನ ಹಣೆಯ ಮೇಲೆ ಕೈಯಿಟ್ಟಳು. ಅವಳಿಗೆ ಗೊತ್ತಿಲ್ಲ ಎಂಬ ಮಾತಷ್ಟೇ ಸಾಕಿತ್ತು. ಎದ್ದು ಬನವ್ವನಿಗೆ ನೀರು ಕುಡಿಸಲು ಹೋದಳು.